ಮನೆಯ ಹಿರಿಯರಿಗೆ ಒಂದನೇ ನಂಬರು

ಪ್ಲೆಸೆಂಟನ್‌ನ ಮನೆಯೊಂದರ ಮೆಟ್ಟಿಲ ಕೆಳಗೆ, ಬೆಳಕು ಹರಿಯುವ ಮುನ್ನವೇ ಮುಕರ್ರಮ್ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಟಾರ್ಚು, ಕಣ್ಣು ಗಡಿಯಾರದ ಮೇಲೆ. ಏಳು ಗಂಟೆಯೊಳಗೆ ಈ ಮನೆಯ ಸೊಸೆ ಆರತಿ ತಾವು ಬರೆದ ಪ್ರೋಗ್ರಾಮನ್ನು ರೆಡ್‌ವುಡ್ ಸಿಟಿಯ ಆಫೀಸಿಗೆ ಕಳಿಸಬೇಕು. ನ್ಯೂಯಾರ್ಕಿನ ಗಿರಾಕಿಗಳು ಕಾದಿದ್ದಾರೆ. ನಿನ್ನೆ ರಾತ್ರಿಯಿಂದ ಇಂಟರ್‌ನೆಟ್ಟೇ ಇಲ್ಲ.

“ಭಾಯಿ, ಇದು ಹೋಗ್ಲಿಲ್ಲ ಅಂದ್ರೆ ಈ ಶುಕ್ರವಾರ ನನ್ನೂ ಲೇ ಆಫ್ ಮಾಡ್ತಾರೆ,” ಎನ್ನುತ್ತಾರೆ ಆರತಿ.

ಲೇ ಆಫ್ ಅಂದರೇನೆಂದು ಮುಕರ್ರಮ್‌ಗೆ ಯಾರೂ ಹೇಳಬೇಕಿಲ್ಲ. ಈ ಬಿಜಾಪುರದವರು ದುಡಿಯುತ್ತಿದ್ದ ಕಂಪನಿ ಕಳೆದ ವರ್ಷ, ಎರಡು ಸಾವಿರದ ಇಸವಿಯಲ್ಲಿ, ಬಾಗಿಲು ಹಾಕಿತು. ಅಂದಿನಿಂದ ಮನೆಮನೆಗೆ ಹೋಗಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಒಂದೊಂದಕ್ಕೂ ಬದಲಾಗದ ನಂಬರು ಕೊಡುತ್ತಾರೆ. ನಂಬರು ದಿನಕ್ಕೊಂದಾದರೆ ಪ್ರಿಂಟರು ಎಲ್ಲಿದೆಯೆಂದು ಉಳಿದವಕ್ಕೆ ತಿಳಿಯದು. ದಿನಕ್ಕೆ ಎರಡೋ ಮೂರೋ ಮನೆ, ನಡುವೆ ಫ್ರೀವೇ. ಊಟ ಕಾರಿನಲ್ಲೇ, ಅದೂ ಅರ್ಧ.

ನಿನ್ನೆ ಸಂಜೆ ಈ ಮನೆಯ ಕಂಪ್ಯೂಟರುಗಳನ್ನು ಜೋಡಿಸುವಾಗ ಆದ ಎಡವಟ್ಟಿಗೆ ಮರ್ಯಾದೆಯೇ ಕಾರಣ. ಹೊರಗಿನ ಇಂಟರ್‌ನೆಟ್ ಲೈನನ್ನು ಮನೆಯೊಳಕ್ಕೆ ಹಂಚುವ ಡಬ್ಬಿಗೆ ಒಂದನೇ ನಂಬರು ಕೊಡುವುದು ರೂಢಿ. ಆರತಿಯ ಮಾವ ಸಂಗನಬಸಪ್ಪ ಒಪ್ಪಲಿಲ್ಲ.

“ಮನಿಗೆ ಹಿರ್ಯಾ ನಾನೋ, ಆ ಡಬ್ಬಿನೋ?”

ಮುಕರ್ರಮ್ ಹೂಂ ಅಂದರು. ಒಂದನೇ ನಂಬರನ್ನು ಹಿರಿಯರ ಕಂಪ್ಯೂಟರಿಗೆ ಕೊಟ್ಟು, ಡಬ್ಬಿಗೆ ಬೇರೆ ನಂಬರು ಹಾಕಿ ಹೋದರು.

ಮೆಟ್ಟಿಲ ಕೆಳಗಿನ ಆ ಡಬ್ಬಿಯ ದೀಪಗಳೆಲ್ಲ ಈಗ ಸರಿಯಾಗಿವೆ. ಮುಕರ್ರಮ್ ಎದ್ದು ಆರತಿಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ, ಕಾಲು ಕುಣಿಯುತ್ತಲೇ ಇದೆ. ಒಮ್ಮೆಲೇ ನಿಲ್ಲುತ್ತದೆ.

“ಡಬ್ಬಿ ನಂಬರ್ ಬದಲಾಗಿದ್ದು ಇದಕ್ಕ ಹೇಳೇ ಇಲ್ಲ ನಾನು. ಹೊರಗ ಹೋಗಾಕ ಇನ್ನೂ ಒಂದನೇ ನಂಬರಿನ ಬಾಗಿಲಾನ ಬಡೀತೈತ್ರಿ. ಅಲ್ಲಿ ಕಾಕಾರ ಕುಂತಾರ!”

“ನಾ ಯಾರನ್ನೂ ತಡದಿಲ್ಲಪಾ,” ಬಾಗಿಲಲ್ಲಿ ನಿಂತ ಸಂಗನಬಸಪ್ಪನವರ ದನಿ ತಗ್ಗಿದೆ. “ಬೇಕಾದ್ರ ನನ್ನ ನಂಬರ್ ಕಿತ್ಕೋ.”

“ಇರಲಿ ಬಿಡ್ರಿ. ತಪ್ಪು ನಂದು.”

ಮುಕರ್ರಮ್ ಡಬ್ಬಿಯ ಹೊಸ ನಂಬರು ಒತ್ತುತ್ತಾರೆ. ಪ್ರೋಗ್ರಾಮು ನಿಧಾನಕ್ಕೆ ಹೊರಡುತ್ತದೆ. ಏಳಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಆಫೀಸಿನಿಂದ ಫೋನು: ತಲುಪಿದೆ. ಆರತಿ ಫೋನು ಹಿಡಿದೇ, ಇಂಗ್ಲಿಷಿನಲ್ಲಿ ಏನೋ ವಿವರಿಸುತ್ತ, ಮುಕರ್ರಮ್ ಪಕ್ಕದಲ್ಲೇ ಹಾದುಹೋಗುತ್ತಾರೆ. ತಿರುಗಿ ನೋಡುವುದಿಲ್ಲ.

ಮುಕರ್ರಮ್ ಹೊಸಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದಾರೆ.

“ಅಕೀಗೊಂದು ಮಾತು ಹೇಳಿ ಹೋಗೋ ತಮ್ಮಾ,” ಎನ್ನುತ್ತಾರೆ ಸಂಗನಬಸಪ್ಪ.

“ಬ್ಯಾಡ್ರಿ ಕಾಕಾರ. ನನ್ನ ನೆನಪಾತಂದ್ರ ಮನ್ಯಾಗ ಏನೋ ಕೆಟ್ಟೈತಿ ಅಂತ ಲೆಕ್ಕ. ಅವರು ನನ್ನ ಮರತ ಇರ್ಲಿ.”