ಅಳಿಸಿದ ಏಳು ಚುಕ್ಕೆಗಳು

ನಮ್ಮ ದ್ವೀಪದ ಗ್ವಾವ್ ಊರಿನಲ್ಲಿ ಯಾರೇ ಸತ್ತರೂ ಸುದ್ದಿ ಮೊದಲು ಅಯಾಂಥಿ ಫ್ರಾನ್ಸಿಕ್‌ಳ ಮೇಜಿಗೆ ಬರುತ್ತಿತ್ತು. ಲಾರಿಸ್ಟನ್ ಯಜಮಾನರ ಶವಸಂಸ್ಕಾರದ ಅಂಗಡಿಯಲ್ಲಿ ಅವಳದು ಮುಂದಿನ ಕೋಣೆ, ನನ್ನದು ಹಿಂದಿನ ಶೆಡ್ಡು. ನಾನು ಹಲಗೆ ಕೊಯ್ದು ಪೆಟ್ಟಿಗೆ ಮಾಡುತ್ತಿದ್ದೆ. ಅವಳು ಸತ್ತವರ ಹೆಸರು, ಬಿಟ್ಟುಹೋದವರ ಹೆಸರು, ಪ್ರಾರ್ಥನೆಯ ಹೊತ್ತು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ರೇಡಿಯೊಗೆ ಫ್ಯಾಕ್ಸ್ ಮಾಡುತ್ತಿದ್ದಳು. ಇಪ್ಪತ್ತೆರಡು ವರ್ಷ ಇದೇ ಕೆಲಸ. ಬೆಳಗ್ಗೆ ಏಳಕ್ಕೆ ದ್ವೀಪವೆಲ್ಲ ಕಿವಿಗೊಟ್ಟು ಕೇಳುತ್ತಿದ್ದುದು ತನ್ನ ವಾಕ್ಯಗಳನ್ನು ಎಂಬ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಅವಳಿಗೆ ಗೊತ್ತಿದ್ದ ನಿಯಮ ಒಂದೇ: ಓದುವಾಗ ಉಸಿರು ಎಲ್ಲಿ ಬೇಕೋ ಅಲ್ಲೊಂದು ಅಲ್ಪವಿರಾಮ. ಸ್ಥೂಲ ಶರೀರ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಾಗಾಗಿ ಅವಳ ಹಾಳೆಯ ಮೇಲೆ ಅಲ್ಪವಿರಾಮಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿರುತ್ತಿದ್ದವು. ಯಾರೂ ಏನೂ ಅಂದಿರಲಿಲ್ಲ.

ಆಮೇಲೆ ಶೆರ್ಮಾ ಕಡೋರ್ ಬಂದಳು. ಇಪ್ಪತ್ತಾರರ ಹುಡುಗಿ, ಶಿಕ್ಷಕರ ತರಬೇತಿ ಮುಗಿಸಿದ್ದಳು, ಶಾಲೆಯಲ್ಲಿ ಕೆಲಸ ಖಾಲಿಯಿರಲಿಲ್ಲ. ಬಂದ ಮೂರನೇ ದಿನವೇ ಬಾಗಿಲ ಬಳಿಯ ಹೂವಿನ ಬೋರ್ಡಿನ ಮುಂದೆ ನಿಂತಳು. ಹೂಗಳು ಅನ್ನುವ ಇಂಗ್ಲಿಷ್ ಪದದ ಕೊನೆಯ ಅಕ್ಷರಕ್ಕೆ ಮುಂಚೆ ಅಯಾಂಥಿ ಒಂದು ಕೊಂಡಿ, ಅಪಾಸ್ಟ್ರಫಿ, ನೇತುಹಾಕಿದ್ದಳು.

"ಅಯಾಂಥಕ್ಕ, ಈ ಕೊಂಡಿ ಬೇಡ. ಇದಿದ್ರೆ 'ಹೂವಿನದು' ಅಂತಾಗತ್ತೆ. ಹೂವಿನದು ಏನು ಅಂತ ಜನ ಕೇಳಲ್ವಾ?"

"ಹತ್ತು ವರ್ಷದಿಂದ ಜನ ಹೂವು ತಗೊಂಡ್ ಹೋಗ್ತಿದ್ದಾರೆ. ಒಬ್ರೂ ಕೇಳಿಲ್ಲ," ಅಂದಳು ಅಯಾಂಥಿ. ಯಜಮಾನರು ಮಾತ್ರ ನಕ್ಕು, ಕೊಂಡಿಯನ್ನು ತಾವೇ ಒರೆಸಿದರು. ಅವರ ಆ ನಗು ಅಯಾಂಥಿಯ ಎದೆಯಲ್ಲಿ ಮುಳ್ಳಾಗಿ ನಿಂತಿತು.

ಒಂದು ವಾರ ಅವಳಿಗೆ ಜ್ವರ ಬಂತು, ಶೆರ್ಮಾ ಬರೆದಳು. ಅಯಾಂಥಿ ಕೆಲಸಕ್ಕೆ ಮರಳಿದ ದಿನ ರೇಡಿಯೊದಲ್ಲಿ ಸುದ್ದಿ ಓದುವವನ ಫೋನು. "ಈ ವಾರ ಬರ್ದಿದ್ದು ಯಾರಮ್ಮ? ಇಷ್ಟು ವರ್ಷ ಹೆಜ್ಜೆಗೊಂದ್ಸಲ ಎಡವಿ ಓದ್ತಿದ್ದೆ. ಈ ವಾರ ಇಳಿಜಾರಲ್ಲಿ ಸೈಕಲ್ ಬಿಟ್ಟ ಹಾಗಿತ್ತು!"

ಅವಳು ನೇರವಾಗಿ ನನ್ನ ಶೆಡ್ಡಿಗೆ ಬಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಳು. "ಎಡವಿ ಓದ್ತಿದ್ನಂತೆ," ಅಂದಳು. ಮತ್ತೆ, "ಎಡವಿ!"

ಅಂದಿನಿಂದ ಅವಳ ಕಣ್ಣು ಶೆರ್ಮಾಳನ್ನು ಬಿಡಲಿಲ್ಲ. ವಿಧವೆಯೊಬ್ಬಳು ಶೆರ್ಮಾಳ ಕೈಗೆ ಜಾಯಿಕಾಯಿ ಜ್ಯಾಮಿನ ಬಾಟಲಿ ಇಟ್ಟಳೇ, ಅದನ್ನು ನೋಡುತ್ತಿದ್ದಳು. ಜನ ಒಳಗೆ ಬಂದು "ಆ ಹುಡುಗಿ ಇದಾಳಾ?" ಅಂದಾಗ ಕುರ್ಚಿ ಎಳೆಯುವ ಸದ್ದು ಶೆಡ್ಡಿಗೂ ಕೇಳುತ್ತಿತ್ತು. ಹೆಚ್ಚು ಉರಿದದ್ದು ಅರ್ಧವಿರಾಮದ ಮೇಲೆ, ತಲೆಯ ಮೇಲೊಂದು ಚುಕ್ಕೆ ಹೊತ್ತ ಅಲ್ಪವಿರಾಮದ ಮೇಲೆ. ಅದನ್ನು ಅಯಾಂಥಿ ಬಳಸಿದವಳೇ ಅಲ್ಲ. "ಕಾಮಾಗೆ ಟೋಪಿ ಹಾಕಿ ಮೆರೆಸ್ತಾಳೆ. ಎಲ್ಲಾ ಬರೀ ಶೋಕಿ," ಅನ್ನುತ್ತಿದ್ದಳು.

ಆ ಮಾರ್ಚಿನಲ್ಲಿ ಮೀನುಗಾರ ಥಿಯೋಫಿಲ್ ತೀರಿಕೊಂಡ. ಅವನ ಅಣ್ಣ ಆಲ್ಬನ್ ಎಂದೋ ಸತ್ತಿದ್ದ. ಸೊತೇರ್ ಊರಿನಲ್ಲಿ ಅಕ್ಕ ಯೂಲಾಲಿ, ಟ್ರಿನಿಡಾಡಿನಲ್ಲಿ ತಂಗಿ ಜೋಸೆಟ್ ಇದ್ದರು. ಹೆಸರುಗಳು ವಯಸ್ಸಿನ ಕ್ರಮದಲ್ಲೇ ಬರಬೇಕೆಂದು ಮನೆಯವರು ಹಟ ಹಿಡಿದರು. ಶೆರ್ಮಾ ಹಾಗೇ ಟೈಪು ಮಾಡಿದಳು: "ದಿವಂಗತ ಆಲ್ಬನ್; ಯೂಲಾಲಿ; ಜೋಸೆಟ್ ಇವರ ಸೋದರ." ಫ್ಯಾಕ್ಸ್ ಮಾಡುವ ಕೆಲಸ ಇನ್ನೂ ಅಯಾಂಥಿಯದೇ. ಹಾಳೆಯಲ್ಲಿ ಟೋಪಿ ಹಾಕಿದ ಏಳು ಕಾಮಾಗಳಿದ್ದವು. ಅವಳು ತಪ್ಪು ಅಳಿಸುವ ಬಿಳಿ ಬಣ್ಣದ ಬಾಟಲಿ ತೆಗೆದು, ಪುಟ್ಟ ಕುಂಚದಿಂದ ಏಳೂ ಚುಕ್ಕೆಗಳನ್ನು ಒಂದೊಂದಾಗಿ ಮುಚ್ಚಿದಳು. ಆ ಹೊತ್ತು ಎಷ್ಟು ಹಿತವಾಗಿತ್ತೆಂದು ಅವಳೇ ಮುಂದೆ ನನಗೆ ಹೇಳಿದಳು. ಯಾರಿಗೂ ಕೇಡು ಬಯಸಿರಲಿಲ್ಲ. ಹಾಳೆ ಮತ್ತೆ ತನ್ನದಾಗಬೇಕಿತ್ತು, ಅಷ್ಟೇ.

ಮರುದಿನ ಏಳಕ್ಕೆ ರೇಡಿಯೊ ಓದಿತು: "ದಿವಂಗತ ಆಲ್ಬನ್, ಯೂಲಾಲಿ, ಜೋಸೆಟ್ ಇವರ ಸೋದರ."

ಹತ್ತು ಗಂಟೆಗೆ ಸೊತೇರ್ ಬಸ್ಸಿನಿಂದ ಎಂಬತ್ತೊಂದರ ಯೂಲಾಲಿ ಅಜ್ಜಿ ಇಳಿದಳು. ಚರ್ಚಿನ ಟೋಪಿ, ಕೈಯಲ್ಲಿ ಛತ್ರಿ.

"ನನ್ನನ್ನ ಸಾಯಿಸಿದ್ದು ಯಾರು, ಮುಂದೆ ಬನ್ನಿ! ಬಿಸಿ ಕೋಕೋ ಬಾಯಿಗಿಟ್ಟಿದೀನಿ, ರೇಡಿಯೋದಲ್ಲಿ ನಾನು ಸತ್ತೋಗಿದೀನಿ! ಪಕ್ಕದ ಮನೆಯವಳು ಆಗ್ಲೇ ಅಳ್ತಾ ಬಂದ್ಲು. ಬರ್ತಾ ನನ್ನ ಕೋಳಿಗಳ್ನ ಬೇರೆ ಎಣಿಸ್ಕೊಂಡ್ ಬಂದ್ಲು!"

ಟ್ರಿನಿಡಾಡಿನಲ್ಲಿ ಜೋಸೆಟ್‌ಗೆ ಯಾರೋ ಫೋನು ಮಾಡಿದ್ದರು. ಅವಳು ಅಣ್ಣನ ಜೊತೆ ಅಕ್ಕನೂ ಹೋದಳೆಂದು ಪ್ರಜ್ಞೆ ತಪ್ಪಿ ಬಿದ್ದಿದ್ದಳಂತೆ. ಯಜಮಾನರ ಮುಖ ಕಪ್ಪಿಟ್ಟಿತು. ಎಲ್ಲರೆದುರು ಶೆರ್ಮಾಳನ್ನು ಬೈದರು. ಅವಳು ಕಡತದಿಂದ ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಗಲಾಟೆ ಕೇಳಿ ಬಂದ ನಾನು ಅವಳ ಹಿಂದೆಯೇ ನಿಂತಿದ್ದೆ. ಬಿಳಿ ಬಣ್ಣದ ಏಳು ಮಚ್ಚೆಗಳು ನನಗೂ ಕಂಡವು. ಶೆರ್ಮಾ ಅಯಾಂಥಿಯತ್ತ ನೋಡಿದಳು. ಅಯಾಂಥಿ ತನ್ನ ಉಗುರು ನೋಡುತ್ತಿದ್ದಳು. ಶೆರ್ಮಾಗೆ ಬಿದ್ದ ಬೈಗುಳ ಕೇಳುವಾಗ ಅವಳಿಗೆ ಖುಷಿಯಾಗಿತ್ತು. ಆ ಖುಷಿಗೇ ಈಗ ಹೆದರಿದ್ದಳು.

"ಆ ಹುಡುಗಿ ಬೇಡ," ಅಂದಳು ಅಜ್ಜಿ. "ಅಯಾಂಥಿ, ನಮ್ಮಮ್ಮನ ಸಾವು ಬರ್ದೋಳು ನೀನು. ನೀನೇ ನನ್ನನ್ನ ಬದುಕಿಸು."

ಅಯಾಂಥಿ ಬರೆದಳು. ಅಜ್ಜಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು. "ಅಯ್ಯೋ, ಮತ್ತೆ ಸತ್ತೆನಲ್ಲೇ!" ಅಯಾಂಥಿ ಇನ್ನೊಂದು ಅಲ್ಪವಿರಾಮ ಸೇರಿಸಿದಳು. ಈ ಸಲ ಜೋಸೆಟ್ ಒಬ್ಬಳು ಉಳಿದಳು, ಅಜ್ಜಿ ಉಳಿಯಲಿಲ್ಲ. ಮೂರನೇ ಹಾಳೆಯನ್ನೂ ಹರಿದು ಅಯಾಂಥಿ ಪೆನ್ನು ಕೆಳಗಿಟ್ಟಳು.

"ನನಗೆ ಬರಲ್ಲ," ಅಂದಳು. ಏದುಸಿರು ಬಂತು. "ಅವಳು ಸರಿಯಾಗೇ ಬರ್ದಿದ್ಲು, ಯೂಲಾಲಿ ಅಜ್ಜಿ. ಚುಕ್ಕೆ ಅಳಿಸಿದ್ದು ನಾನು."

"ಯಾಕೆ?"

"ಹೊಟ್ಟೆಕಿಚ್ಚು."

ಅಜ್ಜಿ ಛತ್ರಿಯ ತುದಿಯಿಂದ ನೆಲ ಕುಟ್ಟಿದಳು. "ಕಿಚ್ಚು ನಿನ್ನ ಹೊಟ್ಟೇಲಿ, ಹೆಣ ನಂದಾ?"

ಶೆರ್ಮಾ ಕುರ್ಚಿ ಎಳೆದುಕೊಂಡು ಅಯಾಂಥಿಯ ಪಕ್ಕ ಕೂತಳು. "ತಪ್ಪು ನನ್ನದೂ ಇದೆ. ಚುಕ್ಕೆ ಕಣ್ಣಿಗೆ ಕಾಣತ್ತೆ, ರೇಡಿಯೋದಲ್ಲಿ ಕೇಳಲ್ಲ. ಓದೋನು ಒಂಚೂರು ಅವಸರ ಮಾಡಿದ್ರೂ ಹೀಗೇ ಆಗ್ತಿತ್ತು. ವಯಸ್ಸಿನ ಕ್ರಮ ಬಿಟ್ಬಿಡೋಣ. ಇರೋರು ಮೊದಲು, ಹೋದೋರು ಕೊನೆಗೆ." ಬರೆದು ತೋರಿಸಿದಳು: "ಯೂಲಾಲಿ, ಜೋಸೆಟ್ ಮತ್ತು ದಿವಂಗತ ಆಲ್ಬನ್ ಇವರ ಸೋದರ." ಅಜ್ಜಿ ಎರಡು ಸಲ ಓದಿದಳು, ಬದುಕಿಯೇ ಇದ್ದಳು. ಆಲ್ಬನ್‌ನನ್ನು ಕೊನೆಗೆ ಹಾಕಿದ್ದು ಸರಿಯೇ, ಅವನು ಜೀವಮಾನವಿಡೀ ಎಲ್ಲದಕ್ಕೂ ತಡವಾಗಿ ಬಂದವನೇ, ಅಂದು ಮಧ್ಯಾಹ್ನದ ಬಸ್ಸು ಹಿಡಿದಳು.

ಯಜಮಾನರು ಅಯಾಂಥಿಯನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಸಾವಿನ ಸುದ್ದಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ಅವಳಿಗೆ ಉಳಿದದ್ದು ಫೋಟೊ ಆರಿಸುವುದು, ಕೀರ್ತನೆ ಆರಿಸುವುದು. "ಒಪ್ಪಿಕೊಂಡ್ರೆ ಮನಸ್ಸು ಹಗುರಾಗತ್ತೆ ಅಂತಾರೆ ಪಾದ್ರಿ. ಸುಳ್ಳು ಕಣೋ. ಈಗ್ಲೂ ಅವಳ ಟೈಪಿನ ಸದ್ದು ಕೇಳಿದ್ರೆ ಇಲ್ಲಿ ಉರಿಯತ್ತೆ," ಅಂದು ನನಗೆ ಎದೆ ಮುಟ್ಟಿ ತೋರಿಸಿದಳು.

ಮಳೆಗಾಲದಲ್ಲಿ ಶೆರ್ಮಾ ಚರ್ಚಿನ ಕೋಣೆಯಲ್ಲಿ ಶನಿವಾರದ ಪಾಠ ಶುರುಮಾಡಿದಳು. ಪರೀಕ್ಷೆಗೆ ಕೂರುವ ಹದಿನೈದು ಮಕ್ಕಳು, ಕೊನೆಯ ಬೆಂಚಿನಲ್ಲಿ ಮಂಡಿ ಮಡಚಲಾಗದೆ ಅಡ್ಡ ಕೂತ ಅಯಾಂಥಿ. ಒಂದು ಶನಿವಾರ ಕರಿಹಲಗೆಯ ಮೇಲೆ ಅರ್ಧವಿರಾಮದ ಪಾಠ. ಅಯಾಂಥಿ ನಾಲ್ಕು ವಾಕ್ಯ ಬರೆದಳು, ಮೂರು ಸರಿಯಿದ್ದವು. ಶೆರ್ಮಾ ನಾಲ್ಕನೆಯದಕ್ಕೆ ಕೆಂಪು ಗೆರೆ ಎಳೆದಳು. ಪಾಠ ಮುಗಿದಾಗ ಮಕ್ಕಳೆಲ್ಲ ಟೀಚರಿಗೆ ಚಪ್ಪಾಳೆ ತಟ್ಟಿದರು. ಅಯಾಂಥಿ ತಟ್ಟಲಿಲ್ಲ. ಆದರೆ ಮುಂದಿನ ಶನಿವಾರವೂ ಹೋದಳು.