ಸ್ಟೂಲಕ್ಕ

ಎಲ್ಲರೂ ಸ್ಟೂಲಕ್ಕ ಎಂದೇ ಕರೆಯುವ ಈ ಹೆಂಗಸು ಬಟ್ಟೆ ಅಂಗಡಿಗೆ ಕೆಲಸ ಕೇಳಲು ಹೋದರೆ ಮೊದಲು ನೋಡುವುದು ಮಾಲೀಕನ ಮುಖವನ್ನಲ್ಲ, ಕೌಂಟರಿನ ಹಿಂದೆ ಹುಡುಗಿಯರಿಗೆ ಕೂರಲು ಏನಾದರೂ ಇದೆಯೇ ಎಂದು. ಇಲ್ಲದಿದ್ದರೂ ಕೆಲಸಕ್ಕೆ ಸೇರಿ ಒಂದು ವಾರ ನೋಡುತ್ತಾಳೆ, ಆಮೇಲೆ ಗೋದಾಮಿನಿಂದ ಖಾಲಿ ಪೆಟ್ಟಿಗೆಯನ್ನೋ ಮುರುಕು ಬೆಂಚನ್ನೋ ಎಳೆದು ತಂದು, "ಕೂತ್ಕೊಳ್ರೇ, ಗಿರಾಕಿ ಬಂದಾಗ ಎದ್ರಾಯ್ತು. ಕಾಲೇನು ಕಂಬಾನಾ?" ಎನ್ನುತ್ತಾಳೆ. ಕೂತರೆ ಕೆಲಸದವರು ಹಾಳಾಗುತ್ತಾರೆ ಎಂದ ಮಾಲೀಕನೊಬ್ಬನಿಗೆ, "ನೀವು ಬೆಳಗ್ಗೆಯಿಂದ ಕೂತೇ ಇದೀರಲ್ಲ ಸ್ವಾಮಿ, ಎಷ್ಟು ಹಾಳಾಗಿದೀರಿ?" ಎಂದು ಕೇಳಿ ಕೆಲಸ ಕಳೆದುಕೊಂಡವಳು. ತನ್ನದು ಬರೀ ಜಗಳಗಂಟಿತನ ಎಂದೇ ಅವಳೂ ನಂಬಿದ್ದಳು. "ಚಿಕ್ಕಮ್ಮ, ನಿಂಗೆ ಎಂಥಾ ಕೆಲಸ ಬೇಕು ಹೇಳು ನೋಡೋಣ" ಎಂದು ಅಕ್ಕನ ಮಗಳು ರೇಗಿಸಿದ ದಿನ ಬಾಯಿಗೆ ಬಂದ ಉತ್ತರ ಅವಳಿಗೇ ಹೊಸದು: "ಎಲ್ರೂ ಕೂರೋಕಾಗೋ ಕೆಲಸ ಕಣೇ. ಸಂಬಳ ಆಮೇಲೆ." ಅಂದಿನಿಂದ ಕೆಲಸ ಹುಡುಕುವುದು ಸುಲಭವಾಯಿತು, ಸಿಗುವುದು ಕಷ್ಟವಾಯಿತು. ಈಗಿನ ಮಾಲೀಕ ಜಾಣ. ಇವಳ ಬಾಯಿ ಮುಚ್ಚಿಸಲು ಮೇಲ್ವಿಚಾರಕಿ ಮಾಡಿ, ಗಿರಗಿರನೆ ತಿರುಗುವ ಕುರ್ಚಿ ಕೊಟ್ಟು, "ಇದು ನಿಮಗೊಬ್ಬರಿಗೇ" ಎಂದ. ಅವಳು ಅದನ್ನು ಸೀದಾ ಕೌಂಟರಿನ ಹಿಂದಕ್ಕೆ ತಳ್ಳಿ, ಇಲ್ಲಿಯ ಋಣವೂ ಮುಗಿಯಿತು ಎಂದು ಚೀಲ ಹೆಗಲಿಗೇರಿಸಿಕೊಂಡು ನಿಂತಳು. ಅಂಗಡಿ ತುಂಬ ಗಿರಾಕಿಗಳಿದ್ದರು. ಮಾಲೀಕ ಹಲ್ಲು ಕಡಿದು, "ಕುರ್ಚಿ ಅಲ್ಲೇ ಇರಲಿ, ಚೀಲ ಇಳಿಸಿ" ಎಂದ. ಈಗ ಹುಡುಗಿಯರು ಸರದಿಯ ಮೇಲೆ ಕೂತು ಒಂದು ಸುತ್ತು ತಿರುಗಿಯೇ ಏಳುತ್ತಾರೆ. ಮೇಲ್ವಿಚಾರಕಿ ಮಾತ್ರ ಊದಿದ ಪಾದಗಳ ಮೇಲೆ ನಿಂತೇ ಬಟ್ಟೆ ಹರವುತ್ತಾಳೆ. ಕೈ ಹಿಡಿದು ಎಳೆದರೆ ಬಿಡಿಸಿಕೊಂಡು ನಗುತ್ತಾಳೆ: "ಬ್ಯಾಡ್ರೇ, ಕೂತ್ರೆ ನಿಂತೋರ ಕಾಲು ಮರ್ತೋಗುತ್ತೆ."