ಮಲ್ಲಿಗೆಯ ಎಲೆ ನೋಡಿದ ಅಕ್ಕೋರು

ಕನ್ನಡಕದ ಒತ್ತಿಗೆ ಅಕ್ಕೋರ ಮೂಗಿನ ಎರಡೂ ಬದಿಗೆ ಆಳವಾದ ಗುಳಿ ಬಿದ್ದಿದ್ದವು. ಏನನ್ನಾದರೂ ಸರಿಯಾಗಿ ನೋಡಬೇಕೆಂದರೆ ಮಾತ್ರ ಅವರು ಕನ್ನಡಕವನ್ನು ಹಣೆಗೇರಿಸಿ, ನೋಡುವ ವಸ್ತುವನ್ನು ರೆಪ್ಪೆಗೆ ತಾಗುವಷ್ಟು ಹತ್ತಿರ ತಂದುಕೊಳ್ಳುತ್ತಿದ್ದರು. ಅಕ್ಕಿಯೊಳಗಿನ ಹುಳುವನ್ನೂ ಹಾಗೆಯೇ, ಹುಡುಗಿಯರ ಅಕ್ಷರವನ್ನೂ ಹಾಗೆಯೇ. ನನ್ನ ಮಲ್ಲಿಗೆಯ ಎಲೆಯನ್ನೂ ಹಾಗೆಯೇ ನೋಡಿದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರಿಗೆ ಮುದ್ದೇಬಿಹಾಳಕ್ಕೆ ವರ್ಗವಾಗಿತ್ತು. ಅಕ್ಕೋರು ಅಲ್ಲಿನ ಕನ್ನಡ ಶಾಲೆಯ ಶಿಕ್ಷಕಿ. ನಮ್ಮ ಗೋಡೆಗೆ ಹೊಂದಿಕೊಂಡ ಕೋಣೆಯಲ್ಲಿ ಒಬ್ಬರೇ ಇದ್ದರು. ನನ್ನ ತವರು ಭೀಮಾ ದಂಡೆಯ ದೇವಣಗಾಂವ. ಅವ್ವ ತೀರಿಕೊಂಡು ಆರು ತಿಂಗಳಾಗಿತ್ತು. ಅವಳು ಬೆಳೆಸಿದ ದುಂಡುಮಲ್ಲಿಗೆಯನ್ನು ಅಣ್ಣ ಹೊಸ ಗೋಡೆ ಕಟ್ಟಿಸುವಾಗ ಕಡಿಸಿಬಿಟ್ಟಿದ್ದ. ಅದಕ್ಕೂ ಮೊದಲು ನಾನು ಒಂದು ಟೊಂಗೆಗೆ ಬೇರು ಬರಿಸಿ, ಕುಂಡದಲ್ಲಿ ನೆಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಉಳಿದದ್ದು ಅದೊಂದೇ.

ಎರಡು ತಿಂಗಳಲ್ಲಿ ಎಲೆಗಳ ತುದಿ ಕಂದಿತು. ಆಮೇಲೆ ಅಂಚೆಲ್ಲ ಸೀದ ರೊಟ್ಟಿಯಂತಾಯಿತು. ಬಿಸಿಲು ಹೆಚ್ಚಾಯಿತೆಂದು ಎದುರುಮನೆಯವರು ಹೇಳಿದರು, ನೆರಳಿಗಿಟ್ಟೆ. ಬಿಸಿಲು ಸಾಲದೆಂದು ಹಾಲಿನವಳು ಹೇಳಿದಳು, ಹೊರಗಿಟ್ಟೆ. ಊರಿಂದ ಬಂದ ಅತ್ತೆ ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿದರು. ಯಾರ ಮಾತು ನಂಬಬೇಕೋ ತಿಳಿಯದೆ ಎಲ್ಲರ ಮಾತನ್ನೂ ಕೇಳಿದೆ.

ಅಕ್ಕೋರು ಎಲೆ ನೋಡಿ, "ನೀರು ಹೆಚ್ಚಾಗೈತಿ ತಂಗಿ. ನಾಕು ದಿನ ಒಂದು ಹನಿ ಹಾಕಬ್ಯಾಡ" ಎಂದರು. ಹಾಕಲಿಲ್ಲ. ಐದನೆಯ ದಿನ ಅರ್ಧದಷ್ಟು ಎಲೆ ಕುಂಡದ ಸುತ್ತ ಉದುರಿ ಬಿದ್ದಿತ್ತು. ನಾನು ಅವರ ಬಾಗಿಲಿಗೆ ಹೋಗಿ, ಹಿರಿಯರೆಂಬುದನ್ನೂ ಮರೆತು, "ನಿಮ್ಮ ಮಾತು ಕೇಳಿ ನಮ್ಮವ್ವನ್ನ ಎರಡನೇ ಸಲ ಕಳಕೊಂಡೆ ನೋಡ್ರಿ" ಎಂದುಬಿಟ್ಟೆ.

ಅವರು ಶಾಲೆಗೆ ಹೊರಟಿದ್ದರು. ಚೀಲ ಕೆಳಗಿಟ್ಟು ಬಂದು, ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಮಣ್ಣು ಮುಟ್ಟಿ ನೋಡದನ ಹೇಳಿಬಿಟ್ಟೆ ತಂಗಿ. ತಪ್ಪು ನಂದು."

ಕುಂಡದ ಒಳಅಂಚಿಗೆ ಬೆಳ್ಳಗೆ ಏನೋ ಹತ್ತಿತ್ತು. ಅದನ್ನು ಬೆರಳಿನಿಂದ ತೆಗೆದು, ನಾನು ಬೇಡವೆನ್ನುವಷ್ಟರಲ್ಲಿ ನಾಲಿಗೆಗೆ ಇಟ್ಟುಕೊಂಡರು.

"ಉಪ್ಪು! ಯಾವ ನೀರು ಹಾಕತಿ?"

"ಹಿತ್ತಲ ಬಾವೀದ್ರಿ."

"ಅದು ಸವುಳು ನೀರವಾ. ಅದರಾಗ ಬ್ಯಾಳಿ ಸುದ್ದಾ ಬೇಯೂದಿಲ್ಲ. ಹೊಳಿ ನೀರು ಕುಡದ ಗಿಡ ಹೆಂಗ ತಾಳತೈತಿ?"

ಅಂದು ಅವರು ಶಾಲೆಗೆ ತಡವಾಗಿ ಹೋದರು. ಇಬ್ಬರೂ ಸೇರಿ ಗಿಡ ಕಿತ್ತು, ಬೇರು ತೊಳೆದು, ಹೊಸ ಮಣ್ಣಿಗೆ ನೆಟ್ಟೆವು. ಸಿಹಿನೀರಿನ ಬಾವಿ ಓಣಿಗಳಾಚೆ ಇತ್ತು; ಅವರು ದಿನಕ್ಕೆ ಒಂದೇ ಕೊಡ ಹೊತ್ತು ತರುತ್ತಿದ್ದರು. ಮರುದಿನದಿಂದ ಬೆಳಿಗ್ಗೆ ಅದೇ ಕೊಡದಿಂದ ಒಂದು ತಂಬಿಗೆ ನನ್ನ ಗಿಡಕ್ಕೆ ಬಂತು. ಬೇಡವೆಂದರೆ, "ನಾ ಕೆಡಿಸೀನಿ, ನಾನ ನೆಟ್ಟಗ ಮಾಡಬೇಕಲ್ಲ" ಎನ್ನುತ್ತಿದ್ದರು. ಗಿಡದ ಮುಂದೆ ಕೂತಾಗಲೆಲ್ಲ ನಾನು ಅವ್ವನ ಮಾತು ತೆಗೆಯುತ್ತಿದ್ದೆ. ಅವರು ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು.

ಮಳೆ ಬಿದ್ದ ಮೇಲೆ ಮೂರು ಚಿಗುರು ಬಂದವು. ನಾನು ಕುಣಿದಾಡಿದೆ. ಅಕ್ಕೋರು ಮಾತ್ರ ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. "ಮಣ್ಣು ಬದಲಿ ಮಾಡಿದಿವಿ, ನೀರು ಬದಲಿ ಮಾಡಿದಿವಿ, ಮ್ಯಾಲ ಮಳೀನೂ ಬಂತು. ಯಾವುದರಿಂದ ಚಿಗೀತು ನನಗ ತಿಳೀವಲ್ದು." ತರಗತಿಯಲ್ಲಿಯೂ ಹೀಗೆಯೇ ಅಂತೆ, "ನಿನ್ನೆ ತಪ್ಪು ಹೇಳೀನಿ, ಅಳಸ್ರಿ" ಎಂದು ಎಷ್ಟೋ ದಿನ ಪಾಠ ಶುರು ಮಾಡುತ್ತಿದ್ದರಂತೆ.

ನಮಗೆ ಇಂಡಿಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಮುದ್ದೇಬಿಹಾಳದಿಂದ ಬಂದವರೊಬ್ಬರು, ರಜೆಗೆ ಊರಿಗೆ ಹೋಗಿದ್ದ ಅಕ್ಕೋರು ಜ್ವರದಿಂದ ಅಲ್ಲಿಯೇ ತೀರಿಕೊಂಡರೆಂದು ಹೇಳಿದರು. ಯಾವ ಊರೆಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಸಂತಾಪದ ನಾಲ್ಕು ಮಾತು ಬರೆಯೋಣವೆಂದು ಅಂಚೆಪತ್ರ ತರಿಸಿ ಕೂತೆ. ನಮ್ಮವ್ವ ಹೂ ಕಟ್ಟುತ್ತಿದ್ದ ರೀತಿಯಿಂದ ಹಿಡಿದು ಕಡೆಯ ದಿನ ಅವಳು ಕೇಳಿದ ಗಂಜಿಯವರೆಗೆ ಅಕ್ಕೋರಿಗೆ ಎಲ್ಲವೂ ಗೊತ್ತಿತ್ತು. ಅವರಿಗೆ ತಾಯಿ ಇದ್ದರೋ, ತಂಗಿ ಇದ್ದಳೋ, ಪತ್ರ ಯಾರ ಹೆಸರಿಗೆ ಬರೆಯಬೇಕೋ ನನಗೆ ಗೊತ್ತಿರಲಿಲ್ಲ. ಒಂದು ದಿನವೂ ನಾನು ಕೇಳಿರಲಿಲ್ಲ.